ಎರಡು ಬೆರಳಿನ ವಿದ್ಯೆ

ನಮ್ಮ ಸೋದರತ್ತೆಗೆ ಹೆದರದ ವಸ್ತು ಇಡೀ ಅವಲಪಲ್ಲಿಯಲ್ಲಿ ಒಂದೇ ಇತ್ತು: ನನ್ನ ಲ್ಯಾಪ್‌ಟಾಪಿನ ಟಚ್‌ಪ್ಯಾಡು. ಬೀದಿ ನಾಯಿ, ಬಸ್ ಕಂಡಕ್ಟರು, ನಮ್ಮಪ್ಪ, ಎಲ್ಲರೂ ಅವಳ ಒಂದು ಬೆರಳಿಗೆ ಅಲುಗುತ್ತಿದ್ದರು. ಅದು ಮಾತ್ರ ಅಲುಗುತ್ತಿರಲಿಲ್ಲ.

ಬೇರಿಕೆಯ ಗುಲಾಬಿ ತೋಟದ ಶೆಡ್ಡಿನಲ್ಲಿ ಇಪ್ಪತ್ತು ವರ್ಷ (ಇಪ್ಪತ್ತೆರಡೋ? ನನ್ನ ನೆನಪನ್ನು ನಾನೇ ನಂಬುವುದಿಲ್ಲ) ಹೂಕಡ್ಡಿಗಳ ಮುಳ್ಳು ಸವರಿದವಳು. ಈಗ ಮಂಡಿ ಕೈಕೊಟ್ಟಿದೆ. ಲ್ಯಾಪ್‌ಟಾಪಿನಲ್ಲಿ ಆರ್ಡರ್ ಪಟ್ಟಿ ನೋಡಲು ಕಲಿತು ಸೋಮವಾರ ತೋರಿಸಿದರೆ ಕೂತು ಮಾಡುವ ಕೆಲಸ, ಇಲ್ಲವಾದರೆ ಮನೆ ಎಂದು ಮಾಲೀಕರು ಹೇಳಿದ್ದರು. ಗುರುವಾಗಿ ಸಿಕ್ಕವನು ನಾನು. ಎಂ.ಎ. ಮಾಡಿದವನು. ಎರಡು ಬೆರಳು ಜಾರಿಸುವ ವಿದ್ಯೆ ಕಲಿಸಲು ಅಷ್ಟು ಓದು ಸಾಲದೇ?

"ಎರಡು ಬೆರಳು ಹಿಂಗಿಟ್ಟು ಮೇಲಕ್ಕೆ ಸವರು ಅತ್ತೆ."

"ಪಟ್ಟಿ ಕೆಳಗೆ ಹೋಗ್ಬೇಕು ಅಂದ್ಯಲ್ಲಲಾ?"

"ಮೇಲಕ್ಕೆ ಸವರಿದ್ರೇನೆ ಕೆಳಗಿಂದು ಕಾಣೋದು."

"ಓದ್ದೋರ ಬುದ್ಧಿ ಕಣ್ಲಾ ಇದು. ಬಾವಿ ನೀರು ಬೇಕು ಅಂದ್ರೆ ಕೊಡಾನ ಆಕಾಶಕ್ಕೆ ಎಸೀತೀಯಾ?"

ನಾನು ಇನ್ನೊಮ್ಮೆ ಸವರಿ ತೋರಿಸಿದೆ.

ಅವಳು ಸವರಿದಳು, ಒತ್ತಿದಳು, ಕುಟ್ಟಿದಳು. ಕೊನೆಗೆ ಪುಸ್ತಕದ ಹಾಳೆ ತಿರುವುವವಳಂತೆ ಬೆರಳಿಗೆ ಎಂಜಲು ಹಚ್ಚಿ ಇಟ್ಟಳು. ಪಟ್ಟಿ ಒಂದಿಷ್ಟು ಓಡಿತು. ಅಕ್ಷರಗಳೂ ಉಬ್ಬಿ ರಾಯಕೋಟೆ ಬಸ್ಸಿನ ಬೋರ್ಡಿನಷ್ಟಾದವು. "ಚೆನ್ನಾಗೈತೆ, ಹಿಂಗೇ ಇರ್ಲಿ ಬಿಡು" ಎಂದಳು. ಪಟ್ಟಿ ಓಡಿದ್ದು ಕಾಕತಾಳೀಯವೆಂದು ತೀರ್ಮಾನಿಸಿದ ನಾನು, ಎಂಜಲಿನ ಬಗ್ಗೆ ಒಂದು ಉಪನ್ಯಾಸ ಕೊಟ್ಟೆ.

"ಶೆಡ್ಡಿನ ಮೇಸ್ತ್ರಿ ಹತ್ರ ಒಂದು ಇಲಿ ಐತೆ. ಅಂಥದ್ದೊಂದು ತಂದ್ಕೊಡ್ಲಾ."

"ಮೌಸು ಹಳೇ ಕಾಲದ್ದು ಅತ್ತೆ."

"ನಾನೇನು ನೆನ್ನೆ ಹುಟ್ಟಿದ್ನಾ?"

ಎಂಜಲಿನ ಕಥೆಯನ್ನು ಮನೆಯವರ ಮುಂದೆ ಅಭಿನಯಿಸಿ ತೋರಿಸಿದೆ. ಎಲ್ಲರೂ ನಕ್ಕರು. ಅವಳೂ ನಕ್ಕಳೆಂದು ನನ್ನ ನೆನಪು. ನಕ್ಕಿದ್ದಳೇ?

ಶನಿವಾರ ಅಕ್ಕಿ ಹೊರಲು ಅವಳ ಜೊತೆ ರೇಷನ್ ಅಂಗಡಿಗೆ ಹೋದೆ. ಬೆರಳಚ್ಚಿನ ಯಂತ್ರದ ಮೇಲೆ ಅವಳು ಹೆಬ್ಬೆರಳಿಟ್ಟಳು. ಆಮೇಲೆ ತೋರುಬೆರಳು. ಆಮೇಲೆ ಎಡಗೈ. "ರೇಗೈ ವಿಳಲೆ ಪಾಟಿ" ಎಂದ ಅಂಗಡಿಯವನು ತಮಿಳಿನಲ್ಲಿ, ಬೆರಳಿನ ರೇಖೆ ಬೀಳುತ್ತಿಲ್ಲವಂತೆ. ಅವಳು ಹೆಬ್ಬೆರಳಿಗೆ ಎಂಜಲು ಹಚ್ಚಿ ಮತ್ತೆ ಒತ್ತಿದಳು. ಯಂತ್ರ ಒಪ್ಪಿಕೊಂಡಿತು.

"ಮುಳ್ಳು ತಿಂದ್ಬುಟ್ಟವೆ ಕಣ್ಲಾ" ಎಂದಳು, ಬೇರೆ ಯಾರದೋ ಬೆರಳಿನ ಸಮಾಚಾರ ಹೇಳುವಂತೆ. "ತಿಂಗ್ಳು ತಿಂಗ್ಳೂ ಇದೇ ಗೋಳು."

ಅಕ್ಕಿಯನ್ನು ಮನೆಗೆ ಹಾಕಿ ನೇರ ಹೊಸೂರಿಗೆ ಹೋಗಿ ಮೌಸು ತಂದೆ. ಅದರ ಚಕ್ರವನ್ನು ಅವಳು ತನ್ನ ಕಡೆಗೆ ಎಳೆದಳು, ಪಟ್ಟಿ ಕೆಳಗೆ ಹೋಯಿತು. "ನೋಡ್ದಾ? ಕೊಡ ಬಾವಿಗೆ ಇಳೀತು."

ಸೋಮವಾರ ಇಲಿ ಅವಳ ಊಟದ ಚೀಲದಲ್ಲಿ ಕೂತು ಬೇರಿಕೆ ಬಸ್ಸು ಹತ್ತಿತು. ಸಂಜೆ ಗೇಟಿನ ಹತ್ತಿರವೇ ಕೇಳಿದೆ.

"ಏನಂದ್ರು ಅತ್ತೆ?"

"ಕಡೇಗಂಟ ಓದಿ ತೋರಿಸ್ದೆ. ನಾಳೆಯಿಂದ ಕುರ್ಚಿ. ನಿಂಗೆ ಪಾಠ ಹೇಳೋಕೆ ಬರಕಿಲ್ಲ ಕಣ್ಲಾ, ಇಲಿ ತರೋಕೆ ಬತ್ತದೆ."

ಅಭಿನಂದಿಸಲು ಕೈ ಚಾಚಿದೆ. ಅವಳಿಗೆ ಕೈ ಕುಲುಕುವ ರೂಢಿಯಿಲ್ಲ. ನಾನು ಚಿಕ್ಕವನಾಗಿದ್ದಾಗ ಹೊಸೂರು ಬಸ್ ಸ್ಟ್ಯಾಂಡಿನ ಮುಂದೆ ರಸ್ತೆ ದಾಟಿಸುವಾಗ ಹಿಡಿಯುತ್ತಿದ್ದಂತೆ ನನ್ನ ಮಣಿಕಟ್ಟು ಹಿಡಿದಳು. ತೇಯ್ದ ಕಲ್ಲಿನಂತೆ ಒಣಗಿದ, ನುಣುಪಾದ ಬೆರಳುಗಳು. ಆಗಲೂ ಹೀಗೇ ಇದ್ದವೇ? ನೆನಪಿಲ್ಲ. ಈ ಸಲ ಮರೆಯಬಾರದೆಂದು, ಬಿಡಿಸಿಕೊಳ್ಳದೆ ಸ್ವಲ್ಪ ಹೊತ್ತು ಹಾಗೇ ನಿಂತೆ.