ಪಚ್ಚೆಯ ಹಣೆಯ ಮೂರು ಬಿಳಿ ಗೆರೆಗಳ ವಿಚಾರ

ಮಾನ್ಯ ‘ಸರೀಸೃಪಮಿತ್ರ’ ಅವರಿಗೆ,

ಸಿಂಗಟಗೆರೆಯಿಂದ ತೀರ್ಥಮ್ಮ ಮಾಡುವ ಶರಣು ಶರಣಾರ್ಥಿ. ತಾವು ಸ್ವಂತ ಹೆಸರನ್ನಾಗಲಿ ಊರನ್ನಾಗಲಿ ಬರೆಯದಷ್ಟು ವಿನಯವಂತರಾದ ಕಾರಣ, ತಾವು ಬರೆದ ಜಾಗದಲ್ಲೇ, ಅಂದರೆ ನನ್ನ ಮೊಮ್ಮಗಳು ಅಶ್ವಿನಿಯ ವೆಬ್‌ಸೈಟಿನ ಅಭಿಪ್ರಾಯದ ಅಂಕಣದಲ್ಲೇ, ಎಲ್ಲರೂ ಓದುವಂತೆ ಈ ಪತ್ರ ಹಾಕಿಸಿದ್ದೇನೆ.

ವೆಬ್‌ಸೈಟು ಇರುವುದು ಪಚ್ಚೆಯ ಬಗ್ಗೆ. ಪಚ್ಚೆ ಒಂದು ಇಗುವಾನ. ನಮ್ಮ ಓತಿಕ್ಯಾತನಿಗೆ ಪರದೇಶದಲ್ಲಿರುವ ಶ್ರೀಮಂತ ದಾಯಾದಿ ಎಂದುಕೊಳ್ಳಬಹುದು. ಅಶ್ವಿನಿ ಅದನ್ನು ಸರ್ಕಾರದ ಕಾಗದಪತ್ರ ಸಮೇತ ತಂದ ದಿನ, “ಈ ಪ್ರಾಣೀನ ಹೊಸಲು ದಾಟಿಸ್ಬೇಡ ಕಣೇ” ಎಂದವಳು ನಾನೇ. ಆದರೆ ದಾಟಿದ ಮೇಲೆ ಅದು ನಮ್ಮ ಮನೆಯದು. ನಮ್ಮ ಮನೆಯಲ್ಲಿ ಸೋಮವಾರದ ಪೂಜೆಯಾದ ಮೇಲೆ ಮಕ್ಕಳಿಂದ ಹಿಡಿದು ಕೊಟ್ಟಿಗೆಯ ದನಗಳವರೆಗೆ ಎಲ್ಲರ ಹಣೆಗೂ ವಿಭೂತಿ ಇಡುವುದು ನನ್ನ ಅತ್ತೆಯ ಕಾಲದಿಂದ ಬಂದ ಪದ್ಧತಿ. ಪಚ್ಚೆಯ ಹಣೆಯಲ್ಲಿ ಮೂರು ಬೆರಳು ಹಿಡಿಸುವುದಿಲ್ಲವಾಗಿ ತೆಂಗಿನ ಕಡ್ಡಿಯಿಂದ ಗೆರೆ ಎಳೆಯುತ್ತೇನೆ. ಅಶ್ವಿನಿ ಫೋಟೋ ತೆಗೆದದ್ದು ಅಂಥ ಒಂದು ಸೋಮವಾರ.

ತಾವು ಆ ಫೋಟೋ ನೋಡಿ, ಇದು ಬೂಷ್ಟಿನಿಂದ ಬಂದ ಚರ್ಮರೋಗವೆಂದೂ, ಸಾಲಾಗಿ ಹರಡಿರುವುದರಿಂದ ವಿಷಮಿಸಿದೆಯೆಂದೂ, ಸಾಕಿದವರಿಗೆ ಕರುಣೆ ಇಲ್ಲವೆಂದೂ ಬರೆದಿರಿ. ಮುಟ್ಟದೆ, ಮೂಸದೆ, ಊರಿಗೆ ಕಾಲಿಡದೆ ರೋಗ ಹಿಡಿಯುವ ವಿದ್ಯೆ ಎಲ್ಲರಿಗೂ ಸಿದ್ಧಿಸುವುದಿಲ್ಲ. ತಮ್ಮ ಹಿಂದೆಯೇ ನಲವತ್ತು ಮಂದಿ ‘ಅಯ್ಯೋ ಪಾಪ’ ಎಂದು ಸಾಲುಗಟ್ಟಿದರು.

ನಾನು ಪಚ್ಚೆಯನ್ನು ಮಂಕರಿಯಲ್ಲಿಟ್ಟುಕೊಂಡು ಕಡೂರಿನ ಬಸ್ಸು ಹತ್ತಿದೆ. ಕಂಡಕ್ಟರು ಮಂಕರಿಯೊಳಗೆ ಇಣುಕಿ, “ಏನಜ್ಜಿ, ಮೊಸಳೆಮರೀನಾ? ಇದಕ್ಕೂ ಟಿಕೆಟ್ ಆಯ್ತದೆ” ಎಂದ. “ಇದೂ ಹೆಣ್ಣೇ ಕಣಪ್ಪ, ಫ್ರೀ ಟಿಕೆಟ್ ಹರಿ” ಎಂದೆ. ಪಶುವೈದ್ಯ ಗಂಗಾಧರಯ್ಯನವರು ಒದ್ದೆ ಹತ್ತಿಯಿಂದ ಒಮ್ಮೆ ಒರೆಸಿದರು. ರೋಗ ಪೂರ್ತಿ ಹತ್ತಿಗೆ ಬಂತು. “ಅಮ್ಮಾರೇ, ಇದಕ್ಕೆ ನನ್ನತ್ರ ಔಷಧಿ ಇಲ್ಲ. ಸೋಮವಾರ ಮತ್ತೆ ಬತ್ತದೆ” ಎಂದರು.

ಇಷ್ಟಕ್ಕೇ ನಿಂತಿದ್ದರೆ ನನಗೆ ಹಿತವಾಗಿತ್ತು. ಆದರೆ ತಾವು ಕೊನೆಗೊಂದು ಸಾಲು ಸೇರಿಸಿದ್ದಿರಿ: ಈ ಪ್ರಾಣಿಗೆ ಬಿಸಿಲು ಸಾಲದು. ಡಾಕ್ಟರು ಫೋನಿನಲ್ಲಿ ಅದನ್ನೂ ಓದಿ, ಆ ಮಾತು ಮಾತ್ರ ದಿಟ ಎಂದುಬಿಟ್ಟರು. ಈಗ ಪಚ್ಚೆ ದಿನಾ ಬೆಳಿಗ್ಗೆ ತಾರಸಿಯ ಮೇಲೆ ಒಣಗುವ ಕೊಬ್ಬರಿಯ ಪಕ್ಕ ಎರಡು ತಾಸು ಮಲಗುತ್ತಾಳೆ, ನುಗ್ಗೆಸೊಪ್ಪನ್ನು ಮೊದಲಿಗಿಂತ ಚೆನ್ನಾಗಿ ತಿನ್ನುತ್ತಾಳೆ. ಇದನ್ನು ಬರೆಯುವಾಗ ನನ್ನ ಕೈ ಎಷ್ಟು ತಡೆಯಿತೆಂದು ತಮಗೆ ತಿಳಿಯುವುದು ಬೇಡ.

ನನ್ನ ದೂರು ಬೇರೆ. ಅಶ್ವಿನಿ ತಾನೇ ಆ ಜೀವಕ್ಕೆ ಹಿಂಸೆ ಕೊಟ್ಟೆನೆಂದು ನಂಬಿ, ವೆಬ್‌ಸೈಟು ಮುಚ್ಚುತ್ತೇನೆಂದು ಹೇಳಿ, ಬರುವ ಭಾನುವಾರ ಪಚ್ಚೆಯನ್ನು ತರೀಕೆರೆಯವರೊಬ್ಬರಿಗೆ ಕೊಡಲು ಮಾತಾಡಿದ್ದಾಳೆ. ಅವರಿಗೆ ಬರಬೇಡಿ ಎನ್ನಲು ನನಗೆ ಒಂದು ನಿಮಿಷ ಸಾಕು. ಹುಡುಗಿ ಡಾಕ್ಟರ ಮಾತನ್ನೂ ನನ್ನ ಮಾತನ್ನೂ ಬಿಟ್ಟು, ಹೆಸರು ಊರು ಗೊತ್ತಿಲ್ಲದ ತಮ್ಮ ಮಾತನ್ನೇ ಹಿಡಿದು ಕೂತಿದ್ದಾಳಲ್ಲ, ಅದಕ್ಕೆ ನನ್ನಲ್ಲಿ ಉಪಾಯವಿಲ್ಲ. ಈ ಮನೆಯಲ್ಲಿ ನನ್ನ ಮಾತು ನಡೆಯದೆ ಹೋದದ್ದು ಇದೇ ಮೊದಲು.

ಆದುದರಿಂದ ತಾವು ಶನಿವಾರದೊಳಗೆ ರೋಗದ ಸಾಲುಗಳನ್ನು ಅಳಿಸಿ, ಬಿಸಿಲಿನ ಸಾಲನ್ನು ಉಳಿಸಿ, ಅಶ್ವಿನಿಯ ಹೆಸರಿಗೆ ಒಂದು ಒಳ್ಳೆಯ ಮಾತು ಬರೆಯಬೇಕು. ಹಾಗೆ ಮಾಡಲು ವಿದ್ವತ್ತು ಅಡ್ಡಬಂದರೆ, ದಯಮಾಡಿ ಮುಂದಿನ ಸೋಮವಾರ ನಮ್ಮ ಮಠಕ್ಕೆ ಬಂದು ಹಣೆ ತಪಾಸಣಾ ಶಿಬಿರ ನಡೆಸಿ. ಐನೂರು ಮಂದಿಗಾದರೂ ಅದೇ ರೋಗ ಅಂಟಿರುತ್ತದೆ. ಮುಲಾಮು ತಮ್ಮದು, ಊಟ ನಮ್ಮದು.

ಆ ಸಾಲುಗಳು ಅಳಿಯುವ ತನಕ ಮಾತ್ರ ಸಿಟ್ಟಿನಲ್ಲಿರುವ,
ತಮ್ಮ ವಿಶ್ವಾಸಿ,
ತೀರ್ಥಮ್ಮ

ಮರೆತ ಮಾತು: ತಮ್ಮ ಪುಟದಲ್ಲಿರುವ ತಮ್ಮ ಭಾವಚಿತ್ರ ನೋಡಿದೆ. ಎರಡೂ ಕೆನ್ನೆಯ ಮೇಲೆ ಬೆಳ್ಳಗೆ ಏನೋ ಹರಡಿದೆ. ನಾವು ಅದನ್ನು ಪೌಡರೆಂದೇ ತಿಳಿದಿದ್ದೇವೆ, ಯಾರಿಗೂ ಬರೆದಿಲ್ಲ.