ಅಧ್ಯಕ್ಷರ ಕಾರಿನ ಕಾವು

ಹಳೇ ಕಾರು ಬಿಸಿಯಾಗದೇ ಇರುವುದಿಲ್ಲ, ಬಿಸಿಯಾದ ಕಾರಿನ ಮಾಲೀಕರು ಸುಮ್ಮನಿರುವುದಿಲ್ಲ. ಹಾಗಾಗಿ ಝುವಾರಿನಗರದ ನನ್ನ ಗ್ಯಾರೇಜಿನಲ್ಲಿ ಇಂಥವು ನಡೆಯುತ್ತಲೇ ಇರುತ್ತವೆ.

ವಿಜಯಪುರ ಕಡೆಯಿಂದ ಗೋವೆಗೆ ಬಂದು ಹದಿನೆಂಟು ವರ್ಷ ಬೋಲ್ಟ್ ತಿರುಗಿಸುವ ಪಾನಾ ಹಿಡಿದ ಮೇಲೆ ಬಾಗಿಲ ಮೇಲೊಂದು ಬೋರ್ಡು ಬರೆಸಿದೆ: 'ಹೀಟ್ ಸ್ಪೆಷಲಿಸ್ಟ್. ಇಂಜಿನ್ ಕಾವಿಗೆ ಶಾಶ್ವತ ಪರಿಹಾರ.' ಬರೆದ ಪೇಂಟರ್, "ಶಾಶ್ವತ ಬ್ಯಾಡ್ರಿ, ಹಳೇ ಗಾಡಿ ಅದಾವು" ಎಂದ. ನಾನು ಕೇಳಲಿಲ್ಲ.

ಆ ಬೋರ್ಡಿಗೆ ಕುತ್ತು ತಂದದ್ದು ಒಂದೇ ಕಾರು. ನಮ್ಮ ಓಣಿಯ ಕಟ್ಟಡ ಮೇಸ್ತ್ರಿಯೊಬ್ಬರದು, ಇಪ್ಪತ್ತೈದು ವರ್ಷ ಹಳೆಯದು. ಮೇಸ್ತ್ರಿಯವರು ನಮ್ಮ ಊರ ಕಡೆಯವರ ಸಂಘಕ್ಕೆ ಅಧ್ಯಕ್ಷರಾದಾಗ ನಾನು ಅಭಿಮಾನ ತಡೆಯಲಾರದೆ 'ಅಧ್ಯಕ್ಷರು' ಎಂದು ದೊಡ್ಡ ತಗಡಿನ ಬೋರ್ಡು ಮಾಡಿಸಿ, ಕಾರಿನ ಮೂತಿಗೆ ಕೈಯಾರೆ ನಾಲ್ಕು ಬೋಲ್ಟ್ ಹಾಕಿ ಬಿಗಿದುಕೊಟ್ಟಿದ್ದೆ. ಎರಡು ದೀಪಗಳ ನಡುವೆ ಅಳತೆ ಮಾಡಿದಂತೆ ಕೂತಿತು. ಜನ ಚಪ್ಪಾಳೆ ತಟ್ಟಿದರು.

ಎರಡು ಡಬ್ಬಿ

ಅದಾಗಿ ತಿಂಗಳ ಮೇಲೆ ಅಧ್ಯಕ್ಷರು ಮೊದಲ ಸಲ ಕಾವಿನ ತಕರಾರು ಹಿಡಿದು ಗ್ಯಾರೇಜಿಗೆ ಬಂದಾಗ ಬಾನೆಟ್ಟಿನ ಸಂದಿಯಿಂದ ಹಬೆ ಏಳುತ್ತಿತ್ತು.

"ನೀರು ಹಾಕೀರೇನ್ರಿ?" ಎಂದೆ.

"ದಿನಾ ಮುಂಜಾನೆ ಹಾಕ್ತೇನಿ. ಮದಲ ಇದಕ್ಕ ನೀರು, ಆಮ್ಯಾಲೆ ನನಗ ಚಹಾ."

"ಎಲ್ಲಿ ಹಾಕ್ತೀರಿ, ತೋರಸ್ರಿ."

ತೋರಿಸಿದರು. ಬಾನೆಟ್ಟಿನೊಳಗೆ ಎರಡು ಬಿಳಿ ಡಬ್ಬಿ ಇರುತ್ತವೆ. ಒಂದು ಇಂಜಿನ್ ತಣ್ಣಗಿಡುವ ನೀರಿಗೆ, ಇನ್ನೊಂದು ಮುಂದಿನ ಗ್ಲಾಸು ತೊಳೆಯುವ ನೀರಿಗೆ. ಅಧ್ಯಕ್ಷರು ಭಕ್ತಿಯಿಂದ ತುಂಬಿಸುತ್ತಿದ್ದದ್ದು ಎರಡನೆಯದನ್ನು. ಸರಿಯಾದ ಡಬ್ಬಿ ತುಂಬಿಸಿ, ಬಾನೆಟ್ ತೆರೆದಿಟ್ಟು ಅರ್ಧ ತಾಸು ಇಂಜಿನ್ ಓಡಿಸಿದೆ. ತಣ್ಣಗಿತ್ತು. ಆಗಿದ್ದ ತಪ್ಪನ್ನು ಮೆಲ್ಲಗೆ ತಿಳಿಸಿದೆ.

ಅವರು ಮುಂದಿನ ಗ್ಲಾಸಿನ ಮೇಲೆ ಬೆರಳಾಡಿಸಿ, "ಅದಕ್ಕ ಮತ್ತ, ಗ್ಲಾಸು ಅಷ್ಟು ಹೊಳೀತಿತ್ತು" ಎಂದರು.

ಟಿಕಳಿ

ವಾರದೊಳಗೆ ಮತ್ತೆ ಬಂದರು. ಕುಂಡಯಿಯ ಕೆಲಸಕ್ಕೆ ಹೋಗುವಾಗ ದಾರಿಯಲ್ಲಿ ಕುದಿಯಿತಂತೆ. ನಾನು ರೇಡಿಯೇಟರ್ ತೊಳೆದೆ, ವಾಲ್ವ್ ಬದಲಿಸಿದೆ, ಬೆಲ್ಟ್ ಬಿಗಿ ಮಾಡಿದೆ. ಬಾನೆಟ್ ತೆರೆದು ಇಂಜಿನ್ ಓಡಿಸಿದರೆ ಮತ್ತೆ ತಣ್ಣಗೆ.

"ಕುದಿಯೂ ಮುಂಚೆ ಮುಳ್ಳು ಎಲ್ಲೀತನಕ ಏರಿತ್ತು?" ಎಂದು ಕೇಳಿದೆ.

"ಮುಳ್ಳು ಕಾಣಂಗಿಲ್ರಿ."

ಒಳಗೆ ಇಣುಕಿದೆ. ಕಾವು ತೋರಿಸುವ ಮೀಟರಿನ ಮೇಲೆ ಹೆಂಗಸರು ಹಣೆಗೆ ಹಚ್ಚುವ ದೊಡ್ಡದೊಂದು ಕೆಂಪು ಟಿಕಳಿ ಅಂಟಿಸಿತ್ತು. ಪಕ್ಕದ ಸೀಟಿನಲ್ಲಿ ಅವರ ಹೆಂಡತಿ ಕೂತಿದ್ದರು. ಓಣಿಗೆಲ್ಲ ಅವರು ಅಕ್ಕಾರು.

"ನಾನ ಹಚ್ಚೇನಿ" ಎಂದರು ಅಕ್ಕಾರು. "ಅದು ಏರೂದು ನೋಡಿ ಇವರ ಬಿಪಿ ಏರತಿತ್ತು. ಟೆನ್ಶನ್ ಮಾಡ್ಕೋಬ್ಯಾಡ್ರಿ ಅಂತ ಡಾಕ್ಟರ್ ಹೇಳ್ಯಾರ."

"ಅಕ್ಕಾರ, ಇಂಜಿನ್ ಸುಟ್ಟು ಹೋದ್ರ?"

"ಇಂಜಿನ್ ಬ್ಯಾರೇದು ಸಿಗ್ತದ್ರಿ."

ಅಧ್ಯಕ್ಷರು ಬಹಳ ದಿನಗಳ ನಂತರ ಹೆಂಡತಿಯನ್ನು ಪ್ರೀತಿಯಿಂದ ನೋಡಿದರು. ನಾನು ಟಿಕಳಿಯ ತಂಟೆಗೆ ಹೋಗಲಿಲ್ಲ.

ಮುಖ್ಯ ಅತಿಥಿ

ರೋಗ ಸಿಗುವ ತನಕ ಇರಲಿ ಎಂದು ಒಂದು ಉಪಾಯ ಹೇಳಿಕೊಟ್ಟೆ. ಇಂಜಿನ್ ಬಿಸಿಯಾದರೆ ಕಾರಿನ ಹೀಟರ್ ಪೂರ್ತಿ ಹಚ್ಚಬೇಕು. ಇಂಜಿನ್ನಿನ ಕಾವು ಕೂತವರ ಕಡೆ ಬರುತ್ತದೆ, ಇಂಜಿನ್ ಬದುಕುತ್ತದೆ. ಉಪಾಯ ಸರಿಯಾದದ್ದೇ. ಅಧ್ಯಕ್ಷರು ಅದನ್ನು ಪ್ರಯೋಗಿಸಿದ್ದು ಮಾತ್ರ ಮೇ ತಿಂಗಳ ಮಧ್ಯಾಹ್ನ, ಸಂಘದ ವಾರ್ಷಿಕೋತ್ಸವದ ಮುಖ್ಯ ಅತಿಥಿಯನ್ನು ದಾಬೋಳಿ ವಿಮಾನ ನಿಲ್ದಾಣದಿಂದ ಕರೆತರುವಾಗ.

ಅತಿಥಿಗಳು ಕಾರಿನಿಂದ ಇಳಿದಾಗ ಕೋಟು ಕೈಯಲ್ಲಿತ್ತು, ಅಂಗಿ ಮೈಗೆ ಅಂಟಿತ್ತು. "ಹೀಟರ್ ಯಾಕ ಹಚ್ಚೀರಿ ಅಂದ್ರ, ಸ್ಪೆಷಲಿಸ್ಟ್ ಹೇಳ್ಯಾರ ಅಂದ್ರಪಾ" ಎಂದು ಯಾರಿಗೋ ಹೇಳುತ್ತಿದ್ದರು. ಗಂಟೆಗಟ್ಟಲೆ ಮಾತಾಡುತ್ತಾರೆಂದು ಹೆಸರಾದವರು ಅಂದು ಎರಡು ನಿಮಿಷದಲ್ಲಿ ಭಾಷಣ ಮುಗಿಸಿ ನೀರು ಕೇಳಿದರು. ಊಟದ ಪಂಕ್ತಿಯಲ್ಲಿ ಎಷ್ಟೋ ಜನ ನನಗೆ ಕೈ ಮುಗಿದರು.

ಘಾಟು

ಆ ತಿಂಗಳ ಕೊನೆಗೆ ಅಧ್ಯಕ್ಷರ ಮಗಳ ಕುಬಸ ಗೊತ್ತಾಯಿತು. ಚೊಚ್ಚಲು ಬಸುರಿಗೆ ತವರಿನವರು ಸೀರೆ, ಬಳೆ, ಬುತ್ತಿ ಒಯ್ದು ಉಡಿ ತುಂಬುವ ಕಾರ್ಯ. ಮಗಳ ಮನೆ ಬೆಳಗಾವಿಯಲ್ಲಿ. ಹನ್ನೆರಡರೊಳಗೆ ಮುಟ್ಟಬೇಕು, ನಡುವೆ ಘಾಟು ಹತ್ತಬೇಕು.

"ನೀವೂ ಬರ್ರಿ" ಎಂದರು ಅಧ್ಯಕ್ಷರು. "ಘಾಟಿನ್ಯಾಗ ಕುದೀತಂದ್ರ ನಿಮ್ಮ ಬೋರ್ಡು ಇಳಸಬೇಕು." ಒಪ್ಪಿಕೊಂಡೆ.

ಮೂರನೇ ತಿರುವಿನಲ್ಲಿ ಕುದಿಯಿತು.

ಅಕ್ಕಾರು ಬುತ್ತಿಯ ಗಂಟು ತೊಡೆಯ ಮೇಲಿಟ್ಟುಕೊಂಡು ರಸ್ತೆ ಬದಿಯ ಕಲ್ಲಿನ ಮೇಲೆ ಕೂತರು. "ಮಗಳು ಕುಬಸದ ಮಣಿ ಮ್ಯಾಲೆ ಕುಂತು ನನ್ನ ದಾರಿ ನೋಡಾಕತ್ತಿರ್ತಾಳ" ಎಂದರು. ಬಾನೆಟ್ ತೆರೆದೆ, ಆರಲು ಬಿಟ್ಟು ನೀರು ಹಾಕಿದೆ, ಇಂಜಿನ್ ಓಡಿಸಿದೆ. ತಣ್ಣಗೆ ಓಡಿತು.

"ತೆರದಾಗ ತಣ್ಣಗ, ಮುಚ್ಚಿದ್ರ ಕುದೀತದ. ತಿಳೀವಲ್ದು" ಎಂದೆ.

ಅಕ್ಕಾರು ಕೂತಲ್ಲಿಂದಲೇ ಕಾರಿನ ಮೂತಿ ನೋಡುತ್ತಿದ್ದರು. "ನನ್ನ ಅಡಗಿಮನಿ ಕಿಟಕಿಗೆ ಅಂಥಾ ತಗಡು ಹೊಡದ್ರ ನಾನೂ ಕುದೀತೇನಿ" ಎಂದರು.

ಬಾನೆಟ್ ಮುಚ್ಚಿ ನೋಡಿದೆ. ರೇಡಿಯೇಟರಿಗೆ ಗಾಳಿ ಹೋಗುವ ಜಾಲರಿಯನ್ನು 'ಅಧ್ಯಕ್ಷರು' ಪೂರ್ತಿ ಮುಚ್ಚಿತ್ತು. ಸ್ಪೆಷಲಿಸ್ಟನಾದ ನಾನು ಇಷ್ಟು ದಿನ ಬಾನೆಟ್ ತೆರೆದಿಟ್ಟೇ, ಮೇಲಿನಿಂದ ಗಾಳಿ ಆಡುವಾಗಲೇ, ಪರೀಕ್ಷೆ ಮಾಡಿದ್ದೆ. ಅಷ್ಟು ನಾಚಿಕೆ ನನಗೆ ಎಂದೂ ಆಗಿರಲಿಲ್ಲ.

"ಇದನ್ನ ಹಾಕಿದವರು ಸ್ವಲ್ಪ ವಿಚಾರ ಮಾಡಬೇಕಿತ್ತು" ಎಂದೆ.

"ನೀವ ಹಾಕಿದ್ರಿ" ಎಂದರು ಇಬ್ಬರೂ.

ಪಾನಾ ಹಿಡಿದು ಬಗ್ಗಿದೆ. ಅಧ್ಯಕ್ಷರು ತಡೆದರು. "ಅಧ್ಯಕ್ಷರನ್ನ ಹಂಗ ಇಳಸಾಕ ಬರಂಗಿಲ್ಲ. ಸಭಾ ಕರೀಬೇಕು, ಠರಾವು ಆಗಬೇಕು."

"ಮೂರೂ ಮಂದಿ ಸಂಘದ ಮೆಂಬರ್ ಅದೀವಿ, ಇದ ಸಭಾ" ಎಂದರು ಅಕ್ಕಾರು. "ಇಳಸೂದಕ್ಕ ಒಪ್ಪಿಗಿ ಇದ್ದವರು ಕೈ ಎತ್ರಿ."

ತಾವು ಎತ್ತಿದರು. ನಾನೂ ಎತ್ತಿದೆ. ಅಧ್ಯಕ್ಷರು ಎರಡೂ ಕೈ ಜೇಬಿನಲ್ಲಿಟ್ಟುಕೊಂಡರು. ಠರಾವು ಪಾಸಾಯಿತು. ಬೋಲ್ಟ್ ಬಿಚ್ಚಲು ಅರ್ಧ ತಾಸು ಹಿಡಿಯಿತು, ಅಷ್ಟು ಅಭಿಮಾನದಿಂದ ಬಿಗಿದಿದ್ದೆ. ಆಮೇಲೆ ಅಕ್ಕಾರು ಟಿಕಳಿ ಕಿತ್ತರು. ಮುಳ್ಳು ಘಾಟು ಮುಗಿಯುವವರೆಗೂ ಅರ್ಧ ದಾಟಲಿಲ್ಲ. ಹನ್ನೆರಡಕ್ಕೆ ಹತ್ತು ನಿಮಿಷ ಇರುವಾಗ ಮುಟ್ಟಿದೆವು. ತಾಯಿಯನ್ನು ಕಂಡು ಮಗಳು ಅತ್ತಳು, ನನ್ನ ಕಣ್ಣೂ ತುಂಬಿ ಬಂತು.

ಗೋವೆಗೆ ಮರಳಿದ ಮೇಲೆ ಮಾತಿನಂತೆ ಏಣಿ ಇಟ್ಟು ನನ್ನ ಬೋರ್ಡು ಇಳಿಸಲು ಹತ್ತಿದೆ. ಅಧ್ಯಕ್ಷರು ದೊಡ್ಡ ಮನಸ್ಸು ಮಾಡಿದರು. "ಇಳಸಬ್ಯಾಡ್ರಿ, ಇರಲಿ. ಆದ್ರ ನನ್ನ ಬೋರ್ಡಿಗೂ ಒಂದು ಜಾಗಾ ಬೇಕಲ್ಲ" ಎಂದು, ತಮ್ಮದನ್ನು ನನ್ನದು ಪೂರ್ತಿ ಮುಚ್ಚುವಂತೆ ಅದರ ಮೇಲೇ ಇಡಿಸಿ ಅದೇ ನಾಲ್ಕು ಬೋಲ್ಟ್ ಹಾಕಿಸಿದರು. ಅಳತೆ ಮಾಡಿದಂತೆ ಕೂತಿತು.

ಈಗ ಮುಂಜಾನೆ ಗ್ಯಾರೇಜು ತೆರೆಯುವ ಮೊದಲೇ ಜನ ರೇಷನ್ ಕಾರ್ಡು, ನಳದ ನೀರಿನ ತಕರಾರು ಹಿಡಿದು ಸಾಲಾಗಿ ನಿಂತಿರುತ್ತಾರೆ. ನಾನು ಕೇಳಿಸಿಕೊಂಡು ಕಳಿಸುತ್ತೇನೆ. ಮೊನ್ನೆ ಉಸಗಾಂವದಿಂದ ಒಬ್ಬರು ಹಬೆಯಾಡುವ ಕಾರು ತಳ್ಳಿಸಿಕೊಂಡು ಬಂದರು. ಬಾಗಿಲ ಮೇಲಿನ ಬೋರ್ಡು ಓದಿ ಚಪ್ಪಲಿ ಬಿಟ್ಟು ಕೈ ಮುಗಿದರು.

"ಅಧ್ಯಕ್ಷರ, ಇಲ್ಲೊಬ್ಬ ಹೀಟ್ ಸ್ಪೆಷಲಿಸ್ಟ್ ಇದ್ದನಂತಲ್ರಿ, ಎಲ್ಲಿ ಅದಾನ?"

"ಹಿಂದ ಅದಾನ್ರಿ" ಎಂದೆ.