ಬೀಗದ ಆಚೆ ಕಡೆಯವರು

ಬೀಗ ಬಿಡಿಸುವ ಹವ್ಯಾಸ ಇರುವ ಬೇರೆಯವರಿಗೂ ಹೀಗೆಲ್ಲ ಆಗುತ್ತದೋ ಇಲ್ಲವೋ ಗೊತ್ತಿಲ್ಲ. ನಾನು ಉಕ್ಕಿನ ಕಡ್ಡಿ ಹಿಡಿದು ಯಾವ ಬೀಗದ ಮುಂದೆ ಕುಳಿತರೂ ಆಚೆ ಕಡೆ ಯಾರಾದರೂ ಇದ್ದೇ ಇರುತ್ತಾರೆ.

೧. ಒಳಗೆಲ್ಲ ಕಾಣುವ ಬೀಗ

ಶುರುವಾದದ್ದು ಮಾವನ ಕೋಣೆಯಿಂದ. ಪುತ್ತೂರಿನ ನಮ್ಮ ಮನೆಯಲ್ಲಿ ಅದೊಂದು ಕೋಣೆಗೆ ಮಾತ್ರ ವಿಶೇಷ ಬೀಗ. ಬಾಗಿಲು ಎಳೆದರೆ ತಾನೇ ಬೀಳುತ್ತದೆ. ತೆಗೆಯಲು ಹೊರಗಿನಿಂದಲೂ ಕೀ ಬೇಕು, ಒಳಗಿನಿಂದಲೂ ಕೀ ಬೇಕು. "ಕಳ್ಳ ಕಿಟಕಿಯಲ್ಲಿ ಇಳಿದರೂ ಅಲ್ಲಿಯೇ ಇರಲಿ" ಎಂಬುದು ಮಾವನ ಲೆಕ್ಕಾಚಾರ. ಕಳೆದ ವರ್ಷ ಎದೆನೋವು ಬಂದಾಗ ಅವರೇ ಹೊರಗೆ ಬಂದು ಆ ಬಾಗಿಲು ಎಳೆದುಕೊಂಡರು. ಆಂಬುಲೆನ್ಸಿನಲ್ಲಿ ಕಿಸೆ ತಡಕಿ ನೋಡಿ ಅತ್ತೆಗೆ ಒಂದು ಮಾತು ಹೇಳಿದರು: "ಕೀ ನಿನ್ನ ಕೈಯಲ್ಲಿ ಕೊಟ್ಟಿದ್ದೆ. ಅದನ್ನೂ ಕಳೆದೆಯಾ?"

ಅದೇ ಕಡೆಯ ಮಾತು. ಅತ್ತೆ ಹೇಳುವ ಪ್ರಕಾರ ಮಾವ ಕೀ ಕೊಟ್ಟಿರಲೇ ಇಲ್ಲ. ಆದರೆ ಎದುರುಪಾರ್ಟಿಯೇ ಹೋದ ಮೇಲೆ ವಾದ ಯಾರ ಹತ್ತಿರ ಮಾಡುದು?

ಕೋಣೆಯ ಕಿಟಕಿಗೆ ಮಾವ ಒಳಗಿನಿಂದ ಚಿಲಕ ಹಾಕಿದ್ದರು, ಹೊರಡುವಾಗ ಲೈಟು ಮಾತ್ರ ಆರಿಸಿರಲಿಲ್ಲ. ಬಾಗಿಲಿನ ಅಡಿಯಲ್ಲಿ ಹಗಲೂ ರಾತ್ರಿ ಒಂದು ಗೆರೆ ಬೆಳಕು. ಕರೆಂಟ್ ಹೋಗಿ ಬಂದಾಗಲೆಲ್ಲ ಯಾರೋ ಒಳಗೆ ಎದ್ದು ಸ್ವಿಚ್ ಹಾಕಿದ ಹಾಗೆ ಆಗುತ್ತಿತ್ತು. ನಮ್ಮ ಯಜಮಾನರಂತೂ ಆ ಬಾಗಿಲಿನ ಮುಂದೆ ಒಬ್ಬರೇ ನಡೆಯುವುದನ್ನೇ ಬಿಟ್ಟರು.

ಪೇಟೆಯ ಬೀಗದವನು ಬಂದು ನೋಡಿ, "ಡ್ರಿಲ್ ಹಾಕಿ ಒಡೆಯಬೇಕಷ್ಟೆ" ಎಂದ. ಅತ್ತೆ ಬಿಡಲಿಲ್ಲ. "ಒಡೆದರೆ ನಾನು ಕಳೆದ ಕಾರಣ ಬಾಗಿಲು ಹೋಯಿತು ಅಂತ ಆಗುತ್ತದೆ. ಬರುವ ಆಟಿಯಲ್ಲಿ ಅವರಿಗೆ ಅದೇ ಕೋಣೆಯಲ್ಲಿ ಬಡಿಸಬೇಕು. ಬಾಗಿಲಿಗೆ ಒಂದು ಗೀರೂ ಬೀಳಬಾರದು."

ನಮ್ಮಲ್ಲಿ ಮಳೆಗಾಲದ ಆಟಿ ತಿಂಗಳಲ್ಲಿ ಸತ್ತವರಿಗೆ ಎಲೆ ಹಾಕಿ ಬಡಿಸುವ ಕ್ರಮ. ಬಡಿಸಿ, ಬಾಗಿಲು ಮುಚ್ಚಿ, ಅವರು ಉಂಡಾಗುವವರೆಗೆ ಎಲ್ಲರೂ ಹೊರಗೆ ನಿಲ್ಲುದು. ಹಾಗಾಗಿ ನನಗೆ ಸಿಕ್ಕಿದ ಸಮಯ ಹನ್ನೊಂದು ತಿಂಗಳು.

ಕೀ ಇಲ್ಲದೆ ಬೀಗ ಬಿಡಿಸುವುದನ್ನು ನಾನು ಮೊಬೈಲ್ ನೋಡಿ ಕಲಿಯಲು ಹೊರಟೆ. ಒಂದು ಕಡ್ಡಿಯಲ್ಲಿ ಬೀಗವನ್ನು ಸ್ವಲ್ಪವೇ ತಿರುಗಿಸಿ ಹಿಡಿಯುದು, ಇನ್ನೊಂದರಲ್ಲಿ ಒಳಗೆ ತಡೆ ಹಿಡಿದಿರುವ ಪಿನ್ನುಗಳನ್ನು ಒಂದೊಂದಾಗಿ ಎತ್ತುದು. ಎತ್ತಿದಲ್ಲೇ ಎಲ್ಲ ನಿಂತರೆ ಬೀಗ ಬಿಡುತ್ತದೆ. ಕಲಿಯುವವರಿಗೆಂದೇ ಗಾಜಿನ ಹಾಗಿರುವ ಪ್ಲಾಸ್ಟಿಕ್ ಬೀಗ ಬರುತ್ತದೆ, ತರಿಸಿದೆ. ನಾಲ್ಕು ದಿನ ಒದ್ದಾಡಿ ಅದನ್ನು ಟಕ್ ಅನ್ನಿಸಿ ಅತ್ತೆಯ ಮುಂದೆ ಹಿಡಿದೆ.

ಅತ್ತೆ ಅದನ್ನು ತಿರುಗಿಸಿ ತಿರುಗಿಸಿ ನೋಡಿದರು. "ಒಳಗೆ ಎಂತ ಉಂಟು ಅಂತ ಎಲ್ಲ ಕಾಣುತ್ತದಲ್ಲ ಮಾರಾಯ್ತಿ, ಮತ್ತೆ ತೆಗೆಯುದು ಯಾಕೆ?"

೨. ಖಾಯಂ ಸಿಬ್ಬಂದಿ

ನಾನು ಒಂದು ಕಾಲೇಜಿನ ಪ್ರಯೋಗಾಲಯ ನೋಡಿಕೊಳ್ಳುವವಳು. ಜೀವಶಾಸ್ತ್ರದ ಕಪಾಟು ಒಂದರ ಕೀ ಎಲ್ಲಿಗೋ ಹೋಗಿ ಎರಡು ವರ್ಷ. ಮೂರು ಪಿನ್ನಿನ ಸಣ್ಣ ಬೀಗ. ಪ್ಲಾಸ್ಟಿಕ್ ಬೀಗದ ನಂತರದ ಪಾಠಕ್ಕೆ ಸರಿಯಾಯಿತೆಂದು ಪ್ರಾಂಶುಪಾಲರ ಅನುಮತಿ ಪಡೆದು, ಮಕ್ಕಳೆಲ್ಲ ಹೋದ ಮೇಲೆ ಕುಳಿತೆ.

ಖಾಲಿ ಲ್ಯಾಬು. ಫಾರ್ಮಲಿನ್ ಬಾಟಲಿಯೊಳಗಿನ ಕಪ್ಪೆಗಳೆಲ್ಲ ನನ್ನನ್ನೇ ನೋಡುತ್ತಿದ್ದವು. ಎರಡನೆಯ ಪಿನ್ನು ಎತ್ತುವಾಗ ಒಳಗೆ ಏನೋ ಮೆಲ್ಲ ಸರಿದ ಸದ್ದು. ಇಲಿ ಎಂದುಕೊಂಡೆ. ಮೂರನೆಯದು ಎತ್ತಿದೆ. ಬೀಗ ಬಿಟ್ಟಿತು, ಬಾಗಿಲು ತಾನೇ ತೆರೆಯಿತು, ಬಾಗಿಲಿಗೆ ಒರಗಿ ನಿಂತಿದ್ದವರು ನಿಧಾನಕ್ಕೆ ಬಾಗಿ ನನ್ನ ಹೆಗಲ ಮೇಲೆ ಕೈ ಇಟ್ಟರು.

ಐದು ಬೆರಳು. ಎಲ್ಲ ಎಲುಬು.

ನಾನು ಕಿರುಚಿದ್ದು ಬಸ್‌ಸ್ಟ್ಯಾಂಡಿಗೆ ಕೇಳಿರಬೇಕು. ಪ್ರಾಂಶುಪಾಲರು ಓಡಿ ಬಂದು, ನನ್ನನ್ನು ನೋಡಿ, ಹೆಗಲ ಮೇಲಿನ ಅಸ್ಥಿಪಂಜರವನ್ನು ನೋಡಿ, ಕನ್ನಡಕ ಸರಿ ಮಾಡಿಕೊಂಡರು. "ಹೆದರಬೇಡಿ ಮೇಡಂ. ಉಳಿದವರೆಲ್ಲ ಅತಿಥಿ ಉಪನ್ಯಾಸಕರು, ಬರುತ್ತಾರೆ ಹೋಗುತ್ತಾರೆ. ಈ ವಿಭಾಗದಲ್ಲಿ ಖಾಯಂ ಅಂತ ಇರುವುದು ಇವರೊಬ್ಬರೇ."

೩. ಸುಳ್ಯದ ಹೆಂಗಸು ಭೂತ

ಐದು ಪಿನ್ನಿನ ಬೀಗಕ್ಕೆ ಬಡ್ತಿ ಸಿಕ್ಕಿದ್ದು ಸುಳ್ಯದಲ್ಲಿ, ನನ್ನ ನಾದಿನಿಯ ಮನೆಗೆ ಹೋದಾಗ. ಅವಳ ಪಕ್ಕದ ಮನೆ ಆರು ತಿಂಗಳಿಂದ ಖಾಲಿ. ಮನೆಯ ಯಜಮಾನರು ಕೀ ಕಳೆದುಕೊಂಡು ಇವಳ ಹತ್ತಿರ, "ಯಾರಾದರೂ ತೆಗೆಯುವವರು ಇದ್ದರೆ ತೆಗೆಸಿ ಅಕ್ಕ" ಎಂದು ಹೇಳಿ ಹೋಗಿದ್ದರಂತೆ. "ನಿನ್ನ ಕಡ್ಡಿ ಉಂಟಲ್ಲ, ನೋಡು" ಎಂದಳು.

ಮಳೆ ಬರುವ ಮಧ್ಯಾಹ್ನ. ಮುಂಬಾಗಿಲಿನ ಮುಂದೆ ಮೊಣಕಾಲೂರಿ ಕುಳಿತೆ. ಒಂದು ಪಿನ್ನು ನಿಂತಿತು, ಎರಡು ನಿಂತವು. ಮೂರನೆಯದಕ್ಕೆ ಕೈ ಹಾಕುವಾಗ ಬೀಗ ನನ್ನ ಕೈಯಲ್ಲೇ ಹಿಂದಕ್ಕೆ ತಿರುಗಿತು. ಪಿನ್ನೆಲ್ಲ ಬಿದ್ದವು. ಪುನಃ ಎತ್ತಿದೆ. ಪುನಃ ತಿರುಗಿತು. ಮೂರನೆಯ ಸಲ ನಾನು ಕಡ್ಡಿ ತೆಗೆದು ಸುಮ್ಮನೆ ನೋಡಿದೆ. ಬೀಗ ತನ್ನಷ್ಟಕ್ಕೆ ಅಲ್ಲಾಡುತ್ತಿತ್ತು.

"ಯಾರು?" ಎಂದೆ. ಸ್ವರ ನನ್ನದಲ್ಲದ ಹಾಗೆ ಬಂತು.

ಒಳಗಿನಿಂದ ಒಂದು ಬೊಬ್ಬೆ. ಹಿತ್ತಿಲ ಕಡೆ ಯಾರೋ ಓಡಿದರು. ನಾನು ಅಂಗಳದ ಕಡೆ ಓಡಿದೆ.

ನಾದಿನಿಯ ಮನೆಯಲ್ಲಿ ಉಸಿರು ಬಿಡುತ್ತಿರುವಾಗ ಪಕ್ಕದ ಮನೆಯ ಆ ಯಜಮಾನರೇ ಕೆಸರು ಕಾಲಿನಲ್ಲಿ ಬಂದರು. ಹಳೆಯ ಕೀಗಳ ಗೊಂಚಲು ಸಿಕ್ಕಿತೆಂದು, ಹಿಂಬಾಗಿಲ ಚಿಲಕ ಜಾರಿಸಿ ಒಳಹೊಕ್ಕು, ಮುಂಬಾಗಿಲಿಗೆ ಒಳಗಿನಿಂದ ಒಂದೊಂದೇ ಕೀ ಹಾಕಿ ತಿರುಗಿಸಿ ನೋಡುತ್ತಿದ್ದರಂತೆ. "ಅಕ್ಕ, ನನ್ನ ಮನೆಯಲ್ಲಿ ಹೆಂಗಸು ಭೂತ ಉಂಟು! ಹೊರಗೆ ನಿಂತು ಬೀಗ ಆಡಿಸಿತು. ಸ್ವರ ನಾನೇ ಕೇಳಿದೆ ಮಾರಾಯ್ರೆ!"

ಹೇಗೆ ಹೇಳುದು? ನಾದಿನಿ ನಗು ತಡೆಯಲಾಗದೆ ಅಡುಗೆಮನೆಗೆ ಓಡಿದಳು. ಆ ಮಹಾನುಭಾವರು ಎರಡು ಗ್ಲಾಸು ಚಾ ಕುಡಿದು ಸುಧಾರಿಸಿಕೊಂಡರು, ಎರಡನ್ನೂ ಭೂತದ ಕೈಯಿಂದಲೇ ತೆಗೆದುಕೊಂಡು.

೪. ಮೋಸದ ಪಿನ್ನು

ಇಷ್ಟು ಕಲಿತರೂ ಮಾವನ ಬೀಗ ಮಾತ್ರ ಜಪ್ಪಯ್ಯ ಎನ್ನಲಿಲ್ಲ. ಎಲ್ಲ ಪಿನ್ನು ನಿಂತ ಹಾಗೆ ಆಗುತ್ತಿತ್ತು, ಬೀಗ ಒಂದು ಕೂದಲೆಳೆಯಷ್ಟು ತಿರುಗುತ್ತಿತ್ತು, ಅಲ್ಲಿಗೆ ನಿಲ್ಲುತ್ತಿತ್ತು. ಆಟಿಗೆ ಹತ್ತು ದಿನ ಇರುವಾಗ, ಕಡಬದ ಹತ್ತಿರ ಕೋಡಿಂಬಾಳದಲ್ಲಿ ಹಳೆಯ ಬೀಗ ರಿಪೇರಿಯವರೊಬ್ಬರು ಇದ್ದಾರೆಂದು ಕೇಳಿ ಅತ್ತೆಯನ್ನೂ ಕರೆದುಕೊಂಡು ಹೋದೆ.

ಅಜ್ಜನಿಗೆ ಕಣ್ಣು ಮಂಜು, ಕೈ ನಡುಕ. ಬೀಗದ ಫೋಟೋವನ್ನು ಮೂಗಿಗೆ ತಾಗಿಸಿ ನೋಡಿ, "ಇದು ನಾನೇ ಹಾಕಿದ್ದು" ಎಂದರು. "ಇದರಲ್ಲಿ ಮೋಸದ ಪಿನ್ನು ಉಂಟಮ್ಮ. ನಡುವಿನಲ್ಲಿ ಸಪುರ, ಡಮರುವಿನ ಹಾಗೆ. ತೆರೆದೆ, ತೆರೆದೆ ಅಂತ ನಂಬಿಸುತ್ತದೆ. ತೆರೆಯುವುದಿಲ್ಲ. ಬಲ ಹಾಕಿದಷ್ಟು ಗಟ್ಟಿ ಹಿಡಿಯುತ್ತದೆ. ಕೈ ಸಡಿಲ ಬಿಡಬೇಕು, ಸೋತ ಹಾಗೆ ಮಾಡಬೇಕು. ಆಗ ತಾನಾಗಿ ಬರುತ್ತದೆ."

ಹಿಂದೆ ಬರುವಾಗ ಬಸ್ಸು ಆಲಂಕಾರು ದಾಟಿತು. ಅತ್ತೆ ಕಿಟಕಿಯ ಹೊರಗೆ ನೋಡುತ್ತಾ ಹೇಳಿದರು: "ಇದನ್ನು ಕೇಳಲು ಕಡಬಕ್ಕೆ ಬರಬೇಕಿತ್ತಾ? ನಾನು ನಲವತ್ತು ವರ್ಷ ಅದನ್ನೇ ಅಲ್ವಾ ಮಾಡಿದ್ದು?"

೫. ಉಂಡವರು ಯಾರು?

ಬಡಿಸುವ ದಿನ ಸಂಜೆ ನೆಂಟರೆಲ್ಲ ಬಂದಾಗಿತ್ತು. ಕೋಳಿ ಸಾರು ಒಲೆಯ ಮೇಲೆ, ನಾನು ಬಾಗಿಲಿನ ಮುಂದೆ. ಕೈ ಸಡಿಲ ಬಿಟ್ಟೆ. ಸೋತ ಹಾಗೆ ಮಾಡಿದೆ. ನಿಜವಾಗಿಯೂ ಸೋತಿದ್ದ ಕಾರಣ ಕಷ್ಟವಾಗಲಿಲ್ಲ. ಬೀಗ ಸ್ವಲ್ಪ ಹಿಂದೆ ಬಂತು. ಒಂದು ಪಿನ್ನು, ಇನ್ನೊಂದು, ಮತ್ತೊಂದು.

ಟಕ್.

ಹನ್ನೊಂದು ತಿಂಗಳ ಗಾಳಿ, ನಶ್ಯದ ವಾಸನೆ ಹೊತ್ತುಕೊಂಡು, ಮುಖಕ್ಕೆ ಬಡಿಯಿತು. ಲೈಟು ಉರಿಯುತ್ತಿತ್ತು. ಬಾಗಿಲ ಪಕ್ಕದ ಗೋಡೆಯಲ್ಲಿ ಒಂದು ಮೊಳೆ. ಮೊಳೆಯಲ್ಲಿ ಕೀ.

ಮಾವ ಕೀ ಒಳಗೇ ಬಿಟ್ಟು ಬಾಗಿಲು ಎಳೆದುಕೊಂಡಿದ್ದರು.

ಅತ್ತೆ ಆ ಮೊಳೆಯನ್ನೇ ನೋಡಿದರು. ಅಳುತ್ತಾರೆ ಎಂದುಕೊಂಡೆ. ಅವರು ಕೀ ತೆಗೆದು ಸೆರಗಿಗೆ ಗಂಟು ಹಾಕಿ, "ಬಡಿಸಿ" ಎಂದರು.

ಬಾಗಿಲ ಹಿಂದಿನ ಮೂಲೆಯಲ್ಲಿ ದೀಪ ಇಟ್ಟು, ಎಲೆ ಹಾಕಿ, ಮಾವನಿಗೆ ಇಷ್ಟವಾದ ಕೋಳಿಯ ಕಾಲನ್ನು ಮೇಲೆಯೇ ಇಟ್ಟೆವು. ನಾವೆಲ್ಲ ಹೊರಗೆ ಬಂದೆವು. ಅತ್ತೆ ಬಾಗಿಲು ಎಳೆದರು. ಬೀಗ ಬಿತ್ತು. ಅದೇ ಹೊತ್ತಿಗೆ ಗಾಳಿಗೆ ಕರೆಂಟ್ ಹೋಯಿತು.

ಎರಡು ನಿಮಿಷ ಆಗಿರಬೇಕು. ಒಳಗಿನಿಂದ ಯಾರೋ ಬಾಗಿಲು ತಟ್ಟಿದರು.

ನೆಂಟರು ಒಬ್ಬರನ್ನೊಬ್ಬರು ನೋಡಿದರು. ಪುನಃ ತಟ್ಟಿದ ಸದ್ದು. ಮತ್ತೆ ಸ್ವರ, ಮಾವನದೇ ಸ್ವರ: "ಬಾಗಿಲು ತೆಗಿ! ಕೀ ನಿನ್ನ ಹತ್ತಿರ ಅಲ್ವಾ ಇರುದು!"

ಜಗಲಿ ಖಾಲಿ. ಎಲ್ಲರೂ ಮಳೆಗೆ ಅಂಗಳದಲ್ಲಿ. ನಾನು ಅತ್ತೆಯ ಬೆನ್ನ ಹಿಂದೆ ಅಡಗಿದೆ. ಅತ್ತೆ ಮಾತ್ರ ಬಾಗಿಲಿಗೆ ಬಾಯಿ ಹಚ್ಚಿ ನಿಂತರು.

"ನನ್ನ ಹತ್ತಿರವಾ? ಮೊಳೆಯಲ್ಲಿ ತೂಗಿಸಿದ್ದು ಯಾರು? ಕಳೆದವರು ಯಾರು? ಸಾಯುವಾಗಲೂ ನನಗೆ ಬೈದು ಹೋದಿರಲ್ಲ! ಮದುವೆಯಾದ ವರ್ಷ ಪೆಟ್ಟಿಗೆಯ ಕೀ ಕಳೆದದ್ದೂ ನೀವೇ! ಕೂತು ಉಣ್ಣಿ. ನನ್ನ ಮಾತು ಮುಗಿದ ಮೇಲೆ ತೆಗೆಯುತ್ತೇನೆ."

ನಲವತ್ತು ವರ್ಷದ್ದು ಒಂದೊಂದಾಗಿ ಹೊರಗೆ ಬಂತು, ಪಿನ್ನು ಎತ್ತಿದ ಹಾಗೆ. ಹದಿನೈದು ನಿಮಿಷ. ಒಳಗಿನವರು ಮೊದಲು ಕೂಗಿದರು, ಮತ್ತೆ ಬೇಡಿಕೊಂಡರು, ಅತ್ತೆಯ ಸ್ವರದ ಎದುರು ಒಂದು ಮಾತೂ ಸ್ಪಷ್ಟ ಕೇಳಲಿಲ್ಲ, ಕಡೆಗೆ ಸುಮ್ಮನಾದರು. ಆಗ ನನಗೆ ನೆನಪಾಯಿತು, ಅಪ್ಪ ಮಗನ ಸ್ವರ ಒಂದೇ. ಫೋನಿನಲ್ಲಿ ನಾನೇ ಎಷ್ಟು ಸಲ ಮೋಸ ಹೋಗಿಲ್ಲ. ಸುತ್ತ ನೋಡಿದೆ. ನಮ್ಮ ಯಜಮಾನರು ಎಲ್ಲಿಯೂ ಇಲ್ಲ.

ಅತ್ತೆ ಕೀ ತಿರುಗಿಸಿದರು. ಬಾಗಿಲ ಹಿಂದೆ, ಮೂಲೆಯ ದೀಪಕ್ಕೆ ಎಣ್ಣೆ ಹಾಕಲು ಉಳಿದಿದ್ದ ಇವರು, ಎಣ್ಣೆ ಗಿಂಡಿಯನ್ನು ಎದೆಗೆ ಅವಚಿಕೊಂಡು ಕುಳಿತಿದ್ದರು. "ಅಮ್ಮ, ನಾನು..." ಎಂದರು, ಅಷ್ಟೇ.

ನಾನು ಟಾರ್ಚ್ ಹಿಡಿದೆ. ಎಲೆಯಲ್ಲಿ ಕೋಳಿಯ ಕಾಲು ಇರಲಿಲ್ಲ. ಚೀಪಿದ ಎಲುಬು ಎಲೆಯ ಬದಿಯಲ್ಲಿ ಒಪ್ಪವಾಗಿ ಇತ್ತು.

"ನಾನು ಮುಟ್ಟಲಿಲ್ಲ, ದೇವರಾಣೆ!" ಎಂದರು ಇವರು. ಇವರಿಗೆ ಯೂರಿಕ್ ಆಸಿಡ್. ಒಂದು ತುಂಡು ಕೋಳಿ ತಿಂದರೆ ಮರುದಿನ ಬೆಳಗ್ಗೆ ಕಾಲಿನ ಹೆಬ್ಬೆರಳು ಬದನೆಕಾಯಿಯ ಹಾಗೆ ಬಾತುಕೊಳ್ಳುತ್ತದೆ.

ಅತ್ತೆ ಎಲುಬನ್ನು ನೋಡಿದರು, ಮಗನನ್ನು ನೋಡಿದರು. "ನೀನು ತಿಂದದ್ದಾದರೆ ನಾಳೆ ಗೊತ್ತಾಗುತ್ತದೆ. ಅವರು ತಿಂದದ್ದಾದರೆ, ನಾನು ಹೇಳಿದ್ದೆಲ್ಲ ಕೂತು ಕೇಳಿದ್ದಾರೆ."

ಮರುದಿನ ಬೆಳಗಾಗುವ ಮೊದಲೇ ನಾನೂ ಅತ್ತೆಯೂ ಇವರ ಹೊದಿಕೆ ಎತ್ತಿ, ಟಾರ್ಚ್ ಹಾಕಿ ಹೆಬ್ಬೆರಳು ನೋಡಿದೆವು.

ಬಾತಿರಲಿಲ್ಲ.

ಅತ್ತೆ ತೃಪ್ತಿಯಿಂದ ತಲೆ ಆಡಿಸಿ, ಆ ಕೋಣೆಗೆ ಹೋಗಿ, ಹನ್ನೊಂದು ತಿಂಗಳ ನಂತರ ಲೈಟು ಆರಿಸಿ ಬಂದರು. ಕೀ ಮಾತ್ರ ಮೊಳೆಗೆ ಹಾಕಲಿಲ್ಲ. "ಇನ್ನು ಇದು ನನ್ನ ಹತ್ತಿರವೇ ಇರಲಿ. ಅವರಿಗೆ ಮರೆವು."